ಎರಡು ಎಣಿಕೆ ಮೊದಲು

ಮಾರ್ಚ್ ೧೨, ಮಂಗಳವಾರ

ಕಪ್ಪು ಸ್ವೆಟರ್ ತುಂಬ ಮತ್ತೆ ಹಿಟ್ಟು. ಹಿಟ್ಟಿನ ಗೋದಾಮಿನಲ್ಲಿ ರಿಹರ್ಸಲ್ ಇಟ್ಟುಕೊಂಡರೆ ಇನ್ನೇನು ಅತ್ತರು ಮೆತ್ತಿಕೊಳ್ಳುತ್ತದೆಯೇ. ಭಾವನ ಬೇಕರಿಗೆ ಮಂಗಳವಾರ ರಜೆ. ಹಾಗಾಗಿ ನಮ್ಮ ಸಂಗೀತಕ್ಕೆ ಮಂಗಳವಾರ. ಐದು ಜನ, ಐದು ಸ್ಟೂಲು, ಸುತ್ತ ಗೋಡೆಯೆತ್ತರ ಮೂಟೆಗಳು. ಎಷ್ಟು ಚೆನ್ನಾಗಿ ಹಾಡಿದರೂ ಮೂಟೆಗಳು ನುಂಗಿ ಸುಮ್ಮನಾಗುತ್ತವೆ. ಅಕ್ಕ ಅದಕ್ಕೂ ಸಮಾಧಾನ ಹೇಳುತ್ತಾಳೆ — "ಇಲ್ಲಿ ಕೇಳಿಸಿದ್ರೆ ಎಲ್ಲಿ ಬೇಕಾದ್ರೂ ಕೇಳಿಸತ್ತೆ."

ಇವತ್ತಿನ ಹಾಜರಿ ಪೂರ್ತಿ. ಮೇಲಿನ ದನಿ ಅಕ್ಕ, ಯಜಮಾನಿಕೆಯೂ ಅವಳದೇ. ಎರಡನೆಯದು ಡಾಕ್ಟರಮ್ಮ — ಹಲ್ಲಿನ ಡಾಕ್ಟರು, ನಾವು ಬಾಯಿ ತೆರೆದಾಗಲೆಲ್ಲ ಬಗ್ಗಿ ಒಳಗೆ ನೋಡುತ್ತಾರೆ. ನಡುವಿನ ದನಿ ನಾನು, ಆಲ್ಟೋ. ನನ್ನ ಕೆಳಗಿನ ಗಂಡು ದನಿ, ಟೆನರ್, ಲಿಫ್ಟಣ್ಣ. ಲಿಫ್ಟ್ ರಿಪೇರಿ ಕೆಲಸ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ತಳದ ದನಿ ಭಾವ. ಬೇಕರಿಗಾಗಿ ನಸುಕಿಗೇ ಏಳುವವರು, ಪಾಪ, ಹಾಡಿನಲ್ಲಿ ವಿರಾಮ ಉದ್ದವಾದರೆ ಕೂತಲ್ಲೇ ತೂಕಡಿಸುತ್ತಾರೆ. ಎಬ್ಬಿಸುವ ಮೊಣಕೈ ನನ್ನದು.

ಹೊಸ ಹಾಡು ಬಂದಿದೆ. ಐದು ದನಿಗಳದ್ದು, ಐನೂರು ವರ್ಷ ಹಳೆಯದು, ಲ್ಯಾಟಿನ್, ಸಂಜೆಯ ಪ್ರಾರ್ಥನೆ. ಆಗಸ್ಟ್ ಹತ್ತಕ್ಕೆ ಕಲ್ಲಿನ ಹಾಲ್‌ನಲ್ಲಿ ಕನ್ಸರ್ಟ್. ಇದೆಲ್ಲ ಹೇಳಿ ಮುಗಿಸಿ, ಬ್ಯಾಗಿನ ಜಿಪ್ ಎಳೆಯುತ್ತಾ ಅಕ್ಕ ಹೇಳಿದಳು — "ಪುಸ್ತಕ ಈ ಸಲ ಪುಟ್ಟಿ ಬರೀಲಿ."

ಪುಟ್ಟಿ ಅಂದರೆ ನಾನು. ವಯಸ್ಸು ನಲವತ್ತಾರು.

ಪುಸ್ತಕ ಬರೆಯುವುದು ಅಂದರೆ ಸಣ್ಣ ಕೆಲಸವಲ್ಲ. ನಮ್ಮಲ್ಲಿ ಹಳೆಯ ಕಾಲದ ಪದ್ಧತಿ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ, ಅದರಲ್ಲಿ ಅವರವರ ಸಾಲು ಮಾತ್ರ. ಪಕ್ಕದವರು ಏನು ಹಾಡುತ್ತಾರೆ ಎಂದು ಕಾಗದದಲ್ಲಿ ಕಾಣಿಸುವುದೇ ಇಲ್ಲ, ಕಿವಿಯಿಂದಲೇ ತಿಳಿಯಬೇಕು. "ಎಲ್ಲರ ಸಾಲೂ ಒಂದೇ ಹಾಳೇಲಿದ್ರೆ ಕಣ್ಣು ಕೆಲಸ ಮಾಡತ್ತೆ, ಕಿವಿ ಮಲಗತ್ತೆ" ಅನ್ನುವುದು ಅಕ್ಕನ ವಾದ. ಒಂಬತ್ತು ವರ್ಷದಿಂದ ಪುಸ್ತಕಗಳನ್ನು ಅವಳೇ ಬರೆದಿದ್ದಾಳೆ. ನಾನು ಕೇಳಿ ಕೇಳಿ ಸಾಕಾಗಿದ್ದೆ.

"ಆದ್ರೆ ನೋಡು, ಒಂದೇ ಒಂದು ತಪ್ಪು ಬಂದ್ರೆ ಮುಂದಿನ ಸಲದಿಂದ ಡಾಕ್ಟರಮ್ಮ ಬರೀತಾರೆ."

"ನನ್ನ ಕೈಬರಹ ಮೆಡಿಕಲ್ ಶಾಪಿನವರಿಗೆ ಮಾತ್ರ ಓದೋಕೆ ಬರತ್ತೆ," ಅಂದರು ಡಾಕ್ಟರಮ್ಮ.

ನಗುತ್ತಾ ಮನೆಗೆ ಬಂದೆ. ನಿಜ ಹೇಳಬೇಕೆಂದರೆ ಕುಣಿಯುತ್ತಾ ಬಂದೆ. ಸ್ಕೂಲಿನಲ್ಲಿದ್ದಾಗಿನಿಂದ ಅಕ್ಕ ನನ್ನ ಹೋಂವರ್ಕ್ ನೋಡಿ ಅನ್ನುತ್ತಿದ್ದದ್ದು ಒಂದೇ ಮಾತು: "ನೀನು ನೋಡ್ಕೊಂಡು ಬರೆಯೋದೇ ಇಲ್ಲ." ಈ ಸಲ ತೋರಿಸುತ್ತೇನೆ.

ಮಾರ್ಚ್ ೧೭, ಭಾನುವಾರ. ಬೆಳಿಗ್ಗೆ ೭

ಶುರು. ಕಿಟಕಿ ಪಕ್ಕ ಮೇಜು, ಹೊಸ ನಿಬ್ಬು, ಮೂರು ಸಲ ಕೈ ತೊಳೆದದ್ದಾಯಿತು.

ಲೈಬ್ರರಿಯಿಂದ ತಂದ, ಹಳೆಯ ಪುಸ್ತಕದ ಜೆರಾಕ್ಸ್ ಮಸುಕು ಮಸುಕು. ಸ್ವರಗಳು ಹೇಗೋ ಕಾಣುತ್ತವೆ. ತಲೆನೋವು ವಿರಾಮಗಳದು. ಸ್ವರ ಕೂರಿಸುವ ಅಡ್ಡಗೆರೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಪೂರ್ತಿ ನಿಂತ ಉದ್ದ ಕಡ್ಡಿ ಇದ್ದರೆ ನಾಲ್ಕು ಎಣಿಕೆ ಸುಮ್ಮನಿರಬೇಕು. ಅರ್ಧಕ್ಕೇ ನಿಂತ ಮೋಟು ಕಡ್ಡಿಯಾದರೆ ಎರಡು ಎಣಿಕೆ. ಇವೆರಡರ ನಡುವೆ ಎಳ್ಳುಕಾಳಿನಷ್ಟು ವ್ಯತ್ಯಾಸ.

ಹಾಳೆಯನ್ನು ದೂರ ಹಿಡಿದರೆ ಸರಿಯಾಗಿ ಕಾಣುತ್ತದೆ. ಕೈ ಇನ್ನೊಂದು ಗೇಣು ಉದ್ದವಿದ್ದಿದ್ದರೆ ಚೆನ್ನಾಗಿತ್ತು.

ಕನ್ನಡಕದ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ದಿನಾ ಗಿರಾಕಿಗಳಿಗೆ ಹೇಳುತ್ತೇನೆ — "ನಲವತ್ತಾದ ಮೇಲೆ ಚಾಳೀಸು ಎಲ್ಲರಿಗೂ ಬರತ್ತೆ ಸಾರ್, ಇದ್ರಲ್ಲಿ ನಾಚಿಕೆ ಏನು." ನನಗೆ ಇನ್ನೂ ಬೇಕಾಗಿಲ್ಲ. ಬೆಳಕು ಚೆನ್ನಾಗಿದ್ದರೆ ಸಾಕು.

ಮಾರ್ಚ್ ೩೧, ಭಾನುವಾರ

ಟೆನರ್ ಪುಸ್ತಕ ಮುಗಿಯಿತು. ಕೊನೆಯಲ್ಲಿ ಒಟ್ಟು ಎಣಿಸಿ ನೋಡಿದರೆ ಎರಡು ಎಣಿಕೆ ಕಮ್ಮಿ! ಎಲ್ಲ ದನಿಗಳೂ ಒಟ್ಟಿಗೆ ಮುಗಿಯಬೇಕು. ಟೆನರ್ ಒಬ್ಬ ಎರಡು ಎಣಿಕೆ ಮೊದಲೇ ಮನೆಗೆ ಹೋಗುವ ಹಾಗಿಲ್ಲ. ಮತ್ತೆ ಮೊದಲಿನಿಂದ ಹುಡುಕಿದೆ. ಎರಡನೆಯ ಭಾಗದಲ್ಲಿ ಸಿಕ್ಕಿತು — ಲಿಫ್ಟಣ್ಣ ಏರುವ ಸಾಲಾದ ಮೇಲೆ ಬರುವ ಕಡ್ಡಿಯನ್ನು ಮೋಟು ಎಂದು ಬರೆದಿದ್ದೆ. ಉದ್ದವಿರಬೇಕು. ಎಳೆದು ಉದ್ದ ಮಾಡಿದೆ. ಮತ್ತೆ ಎಣಿಸಿದೆ. ಸರಿಹೋಯಿತು.

ನೋಡಿಕೊಂಡು ಬರೆಯುವುದಿಲ್ಲವಂತೆ.

ಏಪ್ರಿಲ್ ೨, ಮಂಗಳವಾರ

ಅಕ್ಕ ಐದೂ ಪುಸ್ತಕಗಳನ್ನು ಮೂಟೆಯ ಮೇಲಿಟ್ಟುಕೊಂಡು ನೋಡಿದಳು. ಪುಟ ತಿರುಗಿಸುತ್ತಾ, ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ರೈಟ್ ಗುರುತು ಹಾಕುತ್ತಾ. ನಾನು ರಿಸಲ್ಟ್ ದಿನದ ಹುಡುಗಿಯಂತೆ ನಿಂತಿದ್ದೆ. ಎಲ್ಲ ಪುಟಕ್ಕೂ ರೈಟ್! ಕೊನೆಗೆ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಅಂದಳು — "ಪರವಾಗಿಲ್ಲ."

ಅಕ್ಕನ ಬಾಯಲ್ಲಿ ಪರವಾಗಿಲ್ಲ ಅಂದರೆ ಬೇರೆಯವರು ಹಾರ ಹಾಕಿದ ಹಾಗೆ. ಖುಷಿಗೆ ಭಾವನ ಎರಡು ಬನ್ ತಿಂದೆ.

ಏಪ್ರಿಲ್ ೨೩, ಮಂಗಳವಾರ

ಇವತ್ತು ಮೊದಲ ಸಲ ಎರಡನೆಯ ಭಾಗ ಪೂರ್ತಿ ಹಾಡಿದೆವು.

ಎದುರು ನಿಂತು ಕೈಬೀಸಿ ಹಾಡಿಸುವ ಕಂಡಕ್ಟರ್ ನಮಗಿಲ್ಲ. ದುಂಡಗೆ ನಿಲ್ಲುತ್ತೇವೆ. ಯಾರಾದರೂ ವಿರಾಮ ಮುಗಿಸಿ ಸೇರಿಕೊಳ್ಳುವ ಜಾಗದಲ್ಲಿ ಅಕ್ಕ ಪುಸ್ತಕದ ಅಂಚಿನಿಂದ ತೋರುಬೆರಳು ಎತ್ತುತ್ತಾಳೆ, ಅಷ್ಟೇ. ಯಾರ ವಿರಾಮ ಎಷ್ಟು ಎಂದು ಮೊದಲೇ ಅವರವರಿಂದ ಓದಿಸಿ ಬಾಯಿಪಾಠ ಮಾಡಿರುತ್ತಾಳೆ. ಲಿಫ್ಟಣ್ಣ ಸರಿಯಾಗಿಯೇ ಎಣಿಸುತ್ತಾನೆ. ಆದರೂ ಆ ಬೆರಳು ಏಳದೆ ಬಾಯಿ ತೆರೆಯುವುದಿಲ್ಲ. ಪುಸ್ತಕಕ್ಕಿಂತ ಬೆರಳಿನ ಮೇಲೆ ನಂಬಿಕೆ ಹೆಚ್ಚು.

ಆ ಜಾಗ ಬಂತು. ಅಕ್ಕ ಮೇಲೊಂದು ಸ್ವರ ಹಿಡಿದು ನಿಂತಿದ್ದಳು. ಲಿಫ್ಟಣ್ಣ ಕೆಳಗಿನಿಂದ ಮೆಲ್ಲಗೆ ಏರಿ ಏರಿ, ಅವಳ ಸ್ವರದ ಪಕ್ಕಕ್ಕೇ ಬಂದು ನಿಂತ. ಎರಡು ದನಿ ಒಂದಕ್ಕೊಂದು ತಿಕ್ಕಿದವು. ಅಯ್ಯೋ, ಏನೋ ಆಯಿತು ಎನ್ನುವಷ್ಟರಲ್ಲಿ ಅಕ್ಕ ಒಂದು ಮೆಟ್ಟಿಲು ಇಳಿದಳು… ಎಲ್ಲ ತಿಳಿಯಾಯಿತು.

ನನ್ನ ಕಣ್ಣಲ್ಲಿ ನೀರು.

"ಹುಳುಕು ಹಲ್ಲಿಗೆ ತಣ್ಣೀರು ತಗುಲಿದ ಹಾಗಾಯ್ತು. ಆದ್ರೆ ಹಿತವಾಗಿ," ಅಂದರು ಡಾಕ್ಟರಮ್ಮ.

ಲಿಫ್ಟಣ್ಣ ಕಿವಿಯವರೆಗೂ ಕೆಂಪಾಗಿದ್ದ. ಭಾವ ಎಚ್ಚರವಾಗಿದ್ದರು, ಅದೇ ದೊಡ್ಡ ವಿಷಯ. ಅಕ್ಕ ಪುಸ್ತಕವನ್ನು ಎದೆಗೊತ್ತಿಕೊಂಡು ಅಂದಳು — "ಇದು ಯೋಚನೆ ಮಾಡಿ ಬರೆಯೋ ಅಂಥದ್ದಲ್ಲ. ತಾನಾಗೇ ಬಂದಿರಬೇಕು."

ಜೂನ್ ೪, ಮಂಗಳವಾರ

ರೆಕಾರ್ಡಿಂಗ್ ಆಯಿತು. ಎಲ್ಲಿ ಅಂದರೆ ಲಿಫ್ಟಿನ ಬಾವಿಯಲ್ಲಿ! ಲಿಫ್ಟಣ್ಣ ಕೆಲಸ ಮಾಡುತ್ತಿರುವ ಹೊಸ ಕಟ್ಟಡ, ಒಂಬತ್ತು ಮಹಡಿ, ಇನ್ನೂ ಲಿಫ್ಟ್ ಕೂರಿಸಿಲ್ಲ. ಕೆಳಗಿನ ಬಾಗಿಲು ತೆರೆದು ಅದರ ಎದುರು ನಿಂತು ಹಾಡಿದೆವು. ದನಿ ಮೇಲೆ ಹೋಗಿ, ಯೋಚನೆ ಮಾಡಿ, ನಿಧಾನಕ್ಕೆ ಇಳಿದು ಬರುತ್ತಿತ್ತು. ಒಂದೂ ಮೂಟೆ ಇಲ್ಲ. ಹಾಡು ಮುಗಿದ ಮೇಲೆ ಎಂಟನೆಯ ಮಹಡಿಯಿಂದ ಚಪ್ಪಾಳೆ. ಬಣ್ಣ ಹೊಡೆಯುವವರಂತೆ.

"ನಾನು ದಿನಾ ಇಲ್ಲೇ ಪ್ರಾಕ್ಟೀಸ್ ಮಾಡೋದು. ಆ ಜಾಗ," ಅಂದ ಲಿಫ್ಟಣ್ಣ. ಒಂದೇ ಉಸಿರಿಗೆ ಇಷ್ಟು ಮಾತು!

ರೆಕಾರ್ಡಿಂಗನ್ನು ಅಕ್ಕ ಪ್ರೊಫೆಸರರಿಗೆ ಕಳಿಸುತ್ತಾಳಂತೆ. ಈ ಕಾಲದ ಹಾಡುಗಳ ಮೇಲೆಯೇ ನಲವತ್ತು ವರ್ಷ ಪಾಠ ಮಾಡಿದವರು. ಅಕ್ಕನಿಗೂ ಪಾಠ ಹೇಳಿದವರು. ಅವರ ಹೆಸರೆತ್ತಿದರೆ ಅವಳು ಈಗಲೂ ನೆಟ್ಟಗೆ ಕೂರುತ್ತಾಳೆ.

ಜುಲೈ ೯, ಮಂಗಳವಾರ

ಕಾಗದ ಬಂತು! ಪ್ರೊಫೆಸರರ ಸ್ವಂತ ಕೈಬರಹ, ಸಣ್ಣ ಸಣ್ಣ ಅಕ್ಷರ. ಅಕ್ಕ ಭಾವನ ಕೈಗೆ ಕೊಟ್ಟಳು — "ನೀವೇ ಓದಿ, ನನ್ನ ಕೈ ಒದ್ದೆ ಇದೆ." ಭಾವ ವಾರ್ತೆ ಓದುವವರ ಹಾಗೆ ಓದಿದರು.

ಎರಡನೆಯ ಭಾಗದಲ್ಲಿ ಟೆನರ್ ಏರುವ ಜಾಗವನ್ನು ಪ್ರೊಫೆಸರ್ ಹನ್ನೆರಡು ಸಲ ಕೇಳಿದರಂತೆ. ಈ ಹಾಡನ್ನು ಎಷ್ಟೋ ಗುಂಪುಗಳಿಂದ ಕೇಳಿದ್ದೇನೆ, ಹೀಗೆ ಎಂದೂ ಕೇಳಿಲ್ಲ, ನೀವು ಯಾವ ಪ್ರತಿ ಇಟ್ಟುಕೊಂಡಿದ್ದೀರಿ ಎಂದು ಕೇಳಿದ್ದಾರೆ. ಕನ್ಸರ್ಟಿಗೆ ಬರುತ್ತಾರೆ. ಟೆನರ್ ಪುಸ್ತಕ ನೋಡಬೇಕಂತೆ.

ಅಕ್ಕ ಅಲ್ಲೇ ಉತ್ತರ ಹೇಳಿದಳು, ಭಾವ ಬರೆದುಕೊಂಡರು: "ಹಳೆಯ ಪುಸ್ತಕದಲ್ಲಿ ಬರೆದದ್ದು ಬರೆದ ಹಾಗೆ ಹಾಡಿದ್ದೇವೆ. ಪ್ರತಿ ಮಾಡಿದ್ದು ನನ್ನ ತಂಗಿ."

ಹೇಳುವಾಗ ನನ್ನ ಕಡೆ ನೋಡಿದಳು. ಜಂಬ ಬಂದು ತಲೆ ಸೂರಿಗೆ ತಾಗಿತು. ಟೆನರ್ ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಬೇಕು.

ಆಗಸ್ಟ್ ೭, ಬುಧವಾರ. ಮಧ್ಯಾಹ್ನ ೨, ಅಂಗಡಿಯಲ್ಲಿ

ಗಿರಾಕಿಯನ್ನು ಬೆಂಚಿನ ಮೇಲೆ ಕೂರಿಸಿ ಇದನ್ನು ಬರೆಯುತ್ತಿದ್ದೇನೆ.

ರಟ್ಟು ಹಾಕಿಸಿದ ಟೆನರ್ ಪುಸ್ತಕ, ಜೊತೆಗೆ ಪ್ರೊಫೆಸರರಿಗೆ ಕೊಡಲು ಲೈಬ್ರರಿಯ ಜೆರಾಕ್ಸ್, ಎರಡೂ ಕೌಂಟರಿನ ಮೇಲಿದ್ದವು. ಹೊಸ ಫ್ರೇಮುಗಳ ಸ್ಯಾಂಪಲ್ ಬಂದಿತ್ತು. ಓದುವ ಗಾಜು ಹಾಕಿದ್ದೇ ಒಂದು ಇತ್ತು. ಹಗುರವಾಗಿದೆಯೇ ಎಂದು ಸುಮ್ಮನೆ ಮೂಗಿಗೇರಿಸಿದೆ.

ಅಮ್ಮಾ! ಜಗತ್ತಿಗೆ ಇಷ್ಟೊಂದು ಅಂಚುಗಳಿವೆಯೇ! ಕೌಂಟರಿನ ಮೇಲೆ ಗೀರು, ನನ್ನ ಉಗುರಿನಲ್ಲಿ ಹಿಟ್ಟು, ಜೆರಾಕ್ಸಿನಲ್ಲಿ ಒಂದೊಂದು ಕಡ್ಡಿಯೂ ಬೇಲಿ ನೆಟ್ಟ ಹಾಗೆ. ಖುಷಿಗೆ ಆ ಜಾಗವನ್ನೇ ಹುಡುಕಿ ನೋಡಿದೆ. ನೋಡಬಾರದಿತ್ತು.

ಹಳೆಯ ಪುಸ್ತಕದಲ್ಲಿ ಆ ಸಾಲಿಗೆ ಮೊದಲು ಉದ್ದ ಕಡ್ಡಿ. ನಾಲ್ಕು ಎಣಿಕೆ. ಸಾಲಾದ ಮೇಲೆ ಮೋಟು ಕಡ್ಡಿ. ಎರಡು. ನಾನು ಬರೆದಿರುವುದು ಮೊದಲು ಮೋಟು, ಆಮೇಲೆ ಉದ್ದ. ತಿರುಗಾಮುರುಗಾ! ಮೊದಲನೆಯದನ್ನು ತಪ್ಪು ಬರೆದು, ಕೊನೆಯಲ್ಲಿ ಎರಡು ಕಮ್ಮಿ ಬಂದದ್ದಕ್ಕೆ, ಸರಿಯಾಗಿದ್ದ ಎರಡನೆಯದನ್ನೂ ಕೆಡಿಸಿದ್ದೇನೆ. ಒಟ್ಟು ಸರಿ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ಲಿಫ್ಟಣ್ಣ ನಾಲ್ಕು ತಿಂಗಳಿಂದ ಎರಡು ಎಣಿಕೆ ಮೊದಲೇ ಏರುತ್ತಿದ್ದಾನೆ. ಆ ತಿಕ್ಕಾಟ, ಡಾಕ್ಟರಮ್ಮನ ತಣ್ಣೀರು, ನನ್ನ ಕಣ್ಣೀರು, ಪ್ರೊಫೆಸರರ ಹನ್ನೆರಡು ಸಲ — ಯಾವುದನ್ನೂ ಐನೂರು ವರ್ಷದ ಹಿಂದೆ ಯಾರೂ ಬರೆದಿಲ್ಲ. ನನ್ನ ಚಾಳೀಸು ಬರೆದದ್ದು.

ಶನಿವಾರ ಪ್ರೊಫೆಸರ್ ಬರುತ್ತಾರೆ. ಪುಸ್ತಕ ಕೇಳುತ್ತಾರೆ. "ಬರೆದದ್ದು ಬರೆದ ಹಾಗೆ" ಎಂದು ಅಕ್ಕ ಮಾತು ಕೊಟ್ಟಿದ್ದಾಳೆ.

ಅದೇ ದಿನ, ಸಂಜೆ ೫

ಬೇಕರಿಗೆ ಹೋಗಿ ಭಾವನಿಗೆ ಹೇಳಿದೆ. ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಕ್ಕನ ನೆನಪಾಗಿ ನಗು ನಿಂತಿತು.

"ಆ ಪುಟದ ಮೇಲೆ ಟೀ ಚೆಲ್ಲಿಬಿಡು. ಕೈ ಜಾರಿತು ಅನ್ನು."

"ಭಾವ!"

"ಇಲ್ಲಾಂದ್ರೆ ನಾನೇ ಚೆಲ್ತೀನಿ. ನನಗೆ ಬೈಸ್ಕೊಂಡು ಅಭ್ಯಾಸ ಇದೆ."

ಒಳ್ಳೆಯ ಮನುಷ್ಯ. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಬಂದುಬಿಟ್ಟೆ. ಚಿಕ್ಕವಳಿದ್ದಾಗ ತಪ್ಪು ಬರೆದ ಹಾಳೆಗಳನ್ನು ಹರಿದು ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದೆ. ಅಕ್ಕ ಒಂದನ್ನೂ ಬಿಡದೆ ಹುಡುಕುತ್ತಿದ್ದಳು. ಈ ಸಲ ನಾನೇ ಹೇಳಬೇಕು. ಹೇಳಿದರೆ ಪುಸ್ತಕ ಬರೆಯುವುದು ನನ್ನ ಕೈ ತಪ್ಪಿತು, ಅದು ಖಂಡಿತ. ಬರೆಯುವ ಆ ಭಾನುವಾರಗಳು ನನಗೆ ಬಹಳ ಇಷ್ಟವಾಗಿದ್ದವು.

ಆಗಸ್ಟ್ ೮, ಗುರುವಾರ

ಮೊದಲು ಲಿಫ್ಟಣ್ಣನಿಗೆ. ಅವನ ಸಾಲು, ಅವನಿಗೆ ಗೊತ್ತಾಗಬೇಕು. ಬೆಳಿಗ್ಗೆ ಕಟ್ಟಡದ ಹತ್ತಿರ ಹೋದೆ. ಕೈಗೆಲ್ಲ ಗ್ರೀಸು. ಕೇಳಿಸಿಕೊಂಡ. ಚಿಂದಿ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿದ.

"ಹಾಗಾದ್ರೆ ಆ ಜಾಗ… ನನಗೆ ಅಂತ ಬರೆದಿದ್ದಲ್ವಾ."

ಕ್ಷಮಿಸಿ ಎಂದೆ.

"ಬಿಡಿ. ಅಕ್ಕನಿಗೆ ಹೇಳ್ಬಿಡಿ. ಲಿಫ್ಟು ಮಹಡಿಗಿಂತ ಎರಡಿಂಚು ಕೆಳಗೆ ನಿಂತಿದ್ರೆ ನಾವು ಬಾಗಿಲು ತೆಗೆಯಲ್ಲ. ಸರಿ ಮಾಡ್ಕೊಂಡೇ ತೆಗೆಯೋದು." ಚಿಂದಿ ಬಟ್ಟೆಯನ್ನು ಜೇಬಿಗೆ ತುರುಕಿ — "ಬೇಜಾರಾಯ್ತು. ಆದ್ರೆ ಹೇಳಿ."

ಸಂಜೆ ಅಕ್ಕನ ಮನೆ. ಮೇಜಿನ ಮೇಲೆ ಟೆನರ್ ಪುಸ್ತಕ, ಜೆರಾಕ್ಸ್. ಹೇಳಿದೆ. ಉದ್ದ ಕಡ್ಡಿ, ಮೋಟು ಕಡ್ಡಿ, ಎರಡು ಎಣಿಕೆ, ಎಲ್ಲ. ಭಾವ ಅಡುಗೆಮನೆಯಲ್ಲಿ ಇಲ್ಲದ ಪಾತ್ರೆ ತೊಳೆಯುತ್ತಿದ್ದರು.

ಅಕ್ಕ ಪುಸ್ತಕವನ್ನು ಹತ್ತಿರ ಎಳೆದುಕೊಂಡಳು. ಆಮೇಲೆ ದೂರ ತಳ್ಳಿದಳು. ಆ ಪುಟದ ಮೂಲೆಯಲ್ಲಿ ಅವಳದೇ ರೈಟ್ ಗುರುತು, ಕೆಂಪಗೆ, ಎದ್ದು ಕಾಣುತ್ತಿತ್ತು. ನನಗೂ ಕಂಡಿತು. ಅವಳಿಗೂ ಕಂಡಿತು. ನಾನು ಆ ಮಾತು ಎತ್ತಲಿಲ್ಲ.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಸರಿ ಮಾಡು. ನಾಳೆ ಎಲ್ಲರನ್ನೂ ಕರಿ. ಪ್ರೊಫೆಸರ್‌ಗೆ ನಾನೇ ಹೇಳ್ತೀನಿ." ಅಷ್ಟೇ.

ಮನೆಗೆ ಬಂದು ಚಾಳೀಸು ಹಾಕಿಕೊಂಡು (ಅಂಗಡಿಯಿಂದ ತಂದುಬಿಟ್ಟೆ, ಇನ್ನೇನು ಮಾನ ಉಳಿದಿದೆ) ಬ್ಲೇಡಿನಿಂದ ಕೆರೆದು ಕಡ್ಡಿಗಳನ್ನು ತಿದ್ದಿದೆ. ಕೆರೆದ ಜಾಗದಲ್ಲಿ ಕಾಗದ ತೆಳ್ಳಗಾಗಿದೆ.

ಆಗಸ್ಟ್ ೯, ಶುಕ್ರವಾರ

ಗೋದಾಮಿನಲ್ಲಿ ಎರಡು ಗಂಟೆ. ಸರಿಯಾದದ್ದನ್ನು ಹಾಡಿದೆವು. ಹನ್ನೊಂದು ಸಲ.

ಚೆನ್ನಾಗಿದೆ. ಏನೂ ತಿಕ್ಕುವುದಿಲ್ಲ. ಅಕ್ಕ ಇಳಿದ ಮೇಲೆ ಲಿಫ್ಟಣ್ಣ ಏರುತ್ತಾನೆ, ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟ ಹಾಗೆ. ಬರೆದವರು ಬಹಳ ಸಭ್ಯರಿರಬೇಕು. ಆದರೆ ಪ್ರತಿ ಸಲ ಆ ಜಾಗ ಮುಗಿದಾಗಲೂ ಐದೂ ಜನ ಏನನ್ನೋ ಮರೆತು ಬಂದವರಂತೆ ನಿಲ್ಲುತ್ತಿದ್ದೆವು.

"ಹಲ್ಲು ಕಿತ್ತ ಮೇಲೆ ನಾಲಿಗೆ ಅಲ್ಲಿಗೇ ಹೋಗತ್ತಲ್ಲ, ಹಾಗೆ," ಅಂದರು ಡಾಕ್ಟರಮ್ಮ. ಅಕ್ಕ ದುರುಗುಟ್ಟಿ ನೋಡಿದಳು. ಅವರು ನೀರು ಕುಡಿದರು.

ಆಗಸ್ಟ್ ೧೦, ಶನಿವಾರ. ಬೆಳಿಗ್ಗೆ

ಸ್ವೆಟರ್ ಬ್ರಷ್ ಮಾಡಿದೆ. ಹಿಟ್ಟು ಪೂರ್ತಿ ಹೋಗಿಲ್ಲ. ಸ್ಟೇಜಿನ ಮೇಲೆ ಚಾಳೀಸು ಹಾಕುವುದೇ, ಬೇಡವೇ… ಹಾಕುತ್ತೇನೆ.

ಆಗಸ್ಟ್ ೧೧, ಭಾನುವಾರ. ಬೆಳಿಗ್ಗೆ ೯

ಒಂದೂ ಬಿಡದೆ ಬರೆಯಬೇಕು. ಮರೆತರೆ ಪಾಪ ಬರುತ್ತದೆ.

ಕಲ್ಲಿನ ಹಾಲ್ ತುಂಬಿತ್ತು. ಅಂದರೆ ಎಂಬತ್ತು ಜನ. ನಮಗೆ ಅದೇ ಜಾತ್ರೆ. ಬಣ್ಣ ಹೊಡೆಯುವವರೂ ಇಬ್ಬರು ಬಂದಿದ್ದರು. ಮೊದಲ ಸಾಲಿನಲ್ಲಿ ಪ್ರೊಫೆಸರ್, ಬಿಳಿ ತಲೆ, ಊರುಗೋಲಿನ ಮೇಲೆ ಗದ್ದ ಊರಿಕೊಂಡು.

ಅಕ್ಕ ಟ್ಯೂನಿಂಗ್ ಫೋರ್ಕನ್ನು ಮೊಣಕೈಗೆ ಬಡಿದು ಕಿವಿಗೆ ಹಿಡಿದಳು. ಗುನುಗಿದಳು. ಶುರು.

ಮೊದಲ ಭಾಗ ಬೆಣ್ಣೆಯ ಹಾಗೆ ಹೋಯಿತು. ಮೂಟೆಗಳಿಲ್ಲದ ಜಾಗದಲ್ಲಿ ನಮ್ಮ ದನಿ ನಮಗೇ ದೊಡ್ಡವರ ದನಿಯಂತೆ ಕೇಳುತ್ತಿತ್ತು. ಎರಡನೆಯ ಭಾಗ. ಅಕ್ಕ ತನ್ನ ಸ್ವರ ಹಿಡಿದಳು. ನಾನು ಕೆಳಗೆ ನನ್ನ ಉದ್ದ ಸ್ವರ. ಪಕ್ಕದಲ್ಲಿ ಲಿಫ್ಟಣ್ಣ ಸುಮ್ಮನೆ, ನಾಲ್ಕು ಎಣಿಸುತ್ತಾ. ಒಂದು. ಎರಡು.

ಅಕ್ಕನ ಬೆರಳು ಎದ್ದಿತು.

ಅಕ್ಕನ ಬೆರಳು! ಒಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪದ ಬೆರಳು! ನಾಲ್ಕು ತಿಂಗಳ ಅಭ್ಯಾಸ, ಅದು ತಾನಾಗಿಯೇ ಎದ್ದಿತು. ಎದ್ದ ಮೇಲೆ ಅವಳ ಮುಖ ನೋಡಬೇಕಿತ್ತು. ಕಣ್ಣು ಇಷ್ಟಗಲ. ಆದರೆ ಲಿಫ್ಟಣ್ಣನಿಗೆ ಬೆರಳು ಎದ್ದರೆ ಎದ್ದಿತು. ಬಾಯಿ ತೆರೆದ. ಏರಿದ.

ಆ ತಿಕ್ಕಾಟ ಕಲ್ಲಿನ ಗೋಡೆಗೆ ತಾಗಿ ಬಂದದ್ದನ್ನು ಹೇಗೆ ಬರೆಯಲಿ. ಮೈಯೆಲ್ಲ ಮುಳ್ಳು. ಆದರೆ ಅದನ್ನು ಸವಿಯುತ್ತಾ ನಿಲ್ಲುವ ಹೊತ್ತಲ್ಲ. ನನಗೆ ತಲೆಯಲ್ಲಿ ಘಂಟೆ ಹೊಡೆಯಿತು — ಅವನ ಪುಸ್ತಕ ತಿದ್ದಿಯಾಗಿದೆ! ಈ ಸಾಲು ಮುಗಿದ ಮೇಲೆ ಈಗ ಮೋಟು ಕಡ್ಡಿ ಇದೆ, ಎರಡೇ ಎಣಿಕೆ. ಗಾಬರಿಯಲ್ಲಿ ಅಕ್ಕನ ಬೆರಳು ಮತ್ತೆ ಸರಿಯಾಗಿ ಏಳುತ್ತದೋ ಇಲ್ಲವೋ. ಪುಸ್ತಕ ನೋಡಿ ಹಾಡಿದರೆ ಇಲ್ಲಿಂದ ಕೊನೆಯವರೆಗೂ ಅವನು ಎರಡು ಎಣಿಕೆ ಮುಂದೆ. ಐನೂರು ವರ್ಷದ ಹಾಡು ಪ್ರೊಫೆಸರರ ಎದುರು ಮೂಗು ಮುರಿದುಕೊಂಡು ಬೀಳುತ್ತದೆ.

ಉದ್ದ ಸ್ವರ ಬಿಡದೆ ಕೈ ಚಾಚಿದೆ. ಅವನ ಪುಸ್ತಕದ ಮೇಲೆ, ತೆಳ್ಳಗಾದ ಆ ಜಾಗದ ಮೇಲೇ, ಎರಡು ಬೆರಳು ಇಟ್ಟೆ. ಇನ್ನೆರಡು. ತಡಿ.

ಅವನಿಗೆ ತಿಳಿಯಿತು. ತಡೆದ. ಒಂದು, ಎರಡು, ಮೂರು, ನಾಲ್ಕು. ಬೆರಳು ತೆಗೆದೆ. ಅಕ್ಕನ ಬೆರಳು ಎದ್ದಿತು. ಸೇರಿಕೊಂಡ. ಐದೂ ಜನ ಒಟ್ಟಿಗೆ ಮುಗಿಸಿದೆವು. ಭಾವ ಆಮೇಲೆ ಕೇಳಿದರು, "ಏನಾದ್ರೂ ಆಯ್ತಾ?"

ಆಮೇಲೆ ಪಕ್ಕದ ಕೋಣೆಯಲ್ಲಿ ಟೀ. ಪ್ರೊಫೆಸರ್ ಊರುಗೋಲು ಕುಟ್ಟುತ್ತಾ ಬಂದರು. ಕಣ್ಣು ಒದ್ದೆ. "ಆ ಜಾಗ. ಎಲ್ಲಿ ಪುಸ್ತಕ?"

ಅಕ್ಕ ಸ್ಕೂಲ್ ಹುಡುಗಿಯ ಹಾಗೆ ನೆಟ್ಟಗೆ ನಿಂತಳು. "ಅದು ಪುಸ್ತಕದಲ್ಲಿಲ್ಲ ಸರ್. ತಪ್ಪು."

"ಯಾರ ತಪ್ಪು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ — "ಪ್ರತಿ ಮಾಡುವಾಗ ನನ್ನ ತಂಗಿ ತಪ್ಪು ಬರೆದ್ಲು. ಅವಳೇ ಕಂಡುಹಿಡಿದು, ಅವಳೇ ಬಂದು ಹೇಳಿ, ತಿದ್ದಿದ್ಲು. ಇವತ್ತಿನ ತಪ್ಪು ನಂದು. ಅವಳು ಕೈ ಹಿಡೀದೇ ಇದ್ದಿದ್ರೆ ಬಿದ್ದೇ ಹೋಗ್ತಿದ್ವಿ."

ಪ್ರೊಫೆಸರ್ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಚಾಳೀಸನ್ನೂ ನೋಡಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಊರುಗೋಲು ಜಾರಿತು, ಲಿಫ್ಟಣ್ಣ ಹಿಡಿದುಕೊಂಡ.

"ಅಲ್ಲಮ್ಮ, ಆ ಕಾಲದಲ್ಲೂ ಕೈಯಲ್ಲೇ ಪ್ರತಿ ಮಾಡ್ತಿದ್ರಲ್ಲ! ನಾನು ನಲವತ್ತು ವರ್ಷ ಯಾರ್ಯಾರ ಮನೆ ತಂಗೀರ ತಪ್ಪನ್ನ ಶಾಸ್ತ್ರ ಅಂತ ಪಾಠ ಮಾಡಿದೀನೋ!"

ಹೋಗುವಾಗ ಲಿಫ್ಟಣ್ಣನ ಕೈ ಹಿಡಿದುಕೊಂಡರು. "ಬರೆದೋರು ಯಾರಾದ್ರೂ ಆಗ್ಲಿ. ಆ ಜಾಗ ನಿಮ್ಮದು."

ಲಿಫ್ಟಣ್ಣ ಮನೆಯವರೆಗೂ ನಗುತ್ತಲೇ ಇದ್ದ.

ಆಗಸ್ಟ್ ೧೪, ಬುಧವಾರ

ಅಂಗಡಿಗೆ ಅಕ್ಕ ಬಂದಳು. "ಸುಮ್ನೆ ಈ ಕಡೆ ಬಂದಿದ್ದೆ." ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಈ ಕಡೆ ಬಂದವಳಲ್ಲ. ಒಬ್ಬ ಗಿರಾಕಿಗೆ ಓದುವ ಕಾರ್ಡ್ ಹಿಡಿಸಿದ್ದೆ, ಅಲ್ಲೇ ಬೆಂಚಿನ ಮೇಲೆ ಕೂತಳು. ಅವರು ಎದ್ದ ಮೇಲೆ ಆ ಕುರ್ಚಿಗೆ ಬಂದು ಕೂತಳು.

"ನನಗೇನೂ ತೊಂದರೆ ಇಲ್ಲ. ನೋಡು ಬೇಕಾದ್ರೆ."

ಕಾರ್ಡ್ ಕೊಟ್ಟೆ. ಎಲ್ಲಕ್ಕಿಂತ ಸಣ್ಣಕ್ಷರದ ಸಾಲನ್ನು ಪಟಪಟ ಓದಿದಳು! ನನಗೇ ಆಶ್ಚರ್ಯ. ಆಮೇಲೆ ಹೊಳೆಯಿತು, ಹಿಂದಿನ ಗಿರಾಕಿ ಓದಿದ್ದನ್ನು ಕೂತು ಬಾಯಿಪಾಠ ಮಾಡಿಕೊಂಡಿದ್ದಾಳೆ. ಇವಳ ಕಿವಿಯ ಮನೆ ಹಾಳಾಗ! ಕಾರ್ಡ್ ತಿರುಗಿಸಿ ಇನ್ನೊಂದು ಬದಿ ಕೊಟ್ಟೆ.

ಕಾರ್ಡನ್ನು ಹತ್ತಿರ ತಂದಳು. ದೂರ ಹಿಡಿದಳು. ಅವಳ ಕೈಯೂ ಒಂದು ಗೇಣು ಗಿಡ್ಡ.

"ಎರಡು ವರ್ಷ ಆಯ್ತು," ಅಂದಳು ಮೆಲ್ಲಗೆ. "ಅದಕ್ಕೇ ನಿನಗೆ ಬರೆಯೋಕೆ ಕೊಟ್ಟಿದ್ದು. ಆ ಪುಸ್ತಕಕ್ಕೆಲ್ಲ ರೈಟ್ ಹಾಕಿದ್ನಲ್ಲ… ನನಗೆ ಏನೂ ಕಾಣಿಸ್ತಿರ್ಲಿಲ್ಲ ಪುಟ್ಟಿ. ನೀನು ಬರೆದಿದೀಯ ಅಂತ ಹಾಕಿದ್ದೆ."

ನಾನು ಫ್ರೇಮುಗಳ ಟ್ರೇ ಹುಡುಕುವ ನೆಪದಲ್ಲಿ ಕೌಂಟರಿನ ಕೆಳಗೆ ಕೂತೆ. ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಮೇಲಿನಿಂದ ದನಿ — "ಕಪ್ಪು ಬೇಡ. ಟೀಚರ್ ಹಾಗೆ ಕಾಣ್ತೀನಿ."

ಆಗಸ್ಟ್ ೧೮, ಭಾನುವಾರ. ಬೆಳಿಗ್ಗೆ ೭

ಹೊಸ ಹಾಡು. ಮೊನ್ನೆ ಫೋನಿನಲ್ಲಿ ಎರಡೇ ಮಾತು — "ಜೆರಾಕ್ಸ್ ಕಳ್ಸಿದೀನಿ. ನೀನೇ ಬರಿ." ಡಾಕ್ಟರಮ್ಮನಿಗೆ ಹೇಳಿದೆ, ಬದುಕಿದೆ ಅಂದರು.

ಕಿಟಕಿ, ಮೇಜು, ನಿಬ್ಬು. ಚಾಳೀಸು ಮೂಗಿನ ಮೇಲೆ. ಟೆನರ್‌ನಿಂದಲೇ ಶುರು ಮಾಡಿದ್ದೇನೆ. ಎರಡು ಉದ್ದ ಕಡ್ಡಿ, ಒಂದು ಮೋಟು. ಮೂರು ಸಲ ನೋಡಿದೆ. ಸರಿ ಇದೆ.

ಮೂರನೆಯ ಸಾಲಿನಲ್ಲಿ ಒಂದು ಜಾಗ ಬರುತ್ತದೆ. ಅಕ್ಕ ಮೇಲೆ ನಿಂತಿರುತ್ತಾಳೆ. ಲಿಫ್ಟಣ್ಣನಿಗೆ ನಾಲ್ಕು ಎಣಿಕೆ ವಿರಾಮ. ಇಲ್ಲೇನಾದರೂ ಅವನು ಎರಡು ಎಣಿಕೆ ಮೊದಲು…

ಇಲ್ಲ ಇಲ್ಲ. ಬರೆದದ್ದು ಬರೆದ ಹಾಗೆ. ಆದರೂ ಒಂದು ಸಲ ಗುನುಗಿ ನೋಡಿದರೆ ಯಾರಿಗೇನು. ಒಂದು, ಎರಡು —

ಫೋನು. ಅಕ್ಕ. "ಪುಟ್ಟಿ, ಮೂರನೇ ಸಾಲು ನೋಡಿದ್ಯಾ? ಟೆನರ್ ಅಲ್ಲಿ ಒಂದ್ವೇಳೆ ಎರಡು ಎಣಿಕೆ ಮೊದಲು…"